ಮೂರು ಕುದಿ

"ಉಗುಳಿ ಭಾವ, ಇಲ್ಲಿ ಯಾರೂ ನೋಡ್ತಿಲ್ಲ," ಎಂದಳು ನಾದಿನಿ.

ಭಾವ ಗೋಡೆಯ ಕಡೆ ತಿರುಗಿ ಗಾಜಿನ ನಳಿಕೆಯೊಳಗೆ ಉಗುಳಿದ. ಅವಳು ಅದಕ್ಕಿಷ್ಟು ತೆಳು ಗಂಜಿ ಸುರಿದಳು. ಪಕ್ಕದ ನಳಿಕೆಗೂ ಅಷ್ಟೇ ಗಂಜಿ, ಜೊತೆಗೆ ಭಾವ ತಯಾರಿಸಿದ ಜೀರ್ಣದ ಟಾನಿಕ್ ಒಂದು ಚಮಚ. ಎರಡನ್ನೂ ಬೆಚ್ಚಗಿನ ನೀರಿನಲ್ಲಿ ನಿಲ್ಲಿಸಿದಳು.

ಆಹಾರ ಪರೀಕ್ಷೆಯ ಆ ಪ್ರಯೋಗಾಲಯದಲ್ಲಿ ಅವಳದು ಹನ್ನೊಂದು ವರ್ಷದ ಸರ್ವಿಸ್ಸು. ಅವಳ ಸಹಿ ಇಲ್ಲದೆ ಯಾವ ಅಂಗಡಿಯೂ ಟಾನಿಕ್ ಮುಟ್ಟುವುದಿಲ್ಲ. ಭಾವ ಇದ್ದ ಕೆಲಸ ಬಿಟ್ಟಾಗಿದೆ. ಮುನ್ನೂರು ಬಾಟಲಿಗಳು ಅಕ್ಕನ ಮಂಚದ ಸುತ್ತ ಕಾವಲು ನಿಂತಿವೆ.

ಹತ್ತು ನಿಮಿಷ ಬಿಟ್ಟು ಎರಡಕ್ಕೂ ಅಯೋಡಿನ್ ಹನಿಸಿದಳು. ಉಗುಳಿನ ನಳಿಕೆ ಅಯೋಡಿನ್ನಿನ ತಿಳಿಹಳದಿಯಲ್ಲೇ ಉಳಿಯಿತು. ಟಾನಿಕ್ಕಿನದು ಶಾಯಿಯಂತೆ ಕಡುನೀಲಿಯಾಯಿತು.

"ಬಣ್ಣ ಚೆನ್ನಾಗಿ ಬಂತು," ಎಂದ ಭಾವ.

"ನೀಲಿ ಅಂದ್ರೆ ಗಂಜಿ ಗಂಜಿಯಾಗೇ ಇದೆ ಅಂತ. ನಿಮ್ಮ ಎಂಜಲು ಮಾಡಿದ ಕೆಲಸ ನಿಮ್ಮ ಟಾನಿಕ್ ಮಾಡ್ಲಿಲ್ಲ."

"ಮೊಳಕೆ ಕಾಳಿನ ರಸ ಕಣೇ. ಅದ್ರಲ್ಲಿ ಗಂಜಿ ಕರಗಿಸೋ ಕಿಣ್ವ ತುಂಬಿರುತ್ತೆ ಅಂದಿದ್ದು ನೀನೇ."

"ತುಂಬಿತ್ತು." ಅವಳು ಲೇಬಲ್ ಓದಿದಳು: "'ಜೀವಂತ ಕಿಣ್ವಗಳು. ಮೂರು ಬಾರಿ ಕುದಿಸಿ ಶುದ್ಧಗೊಳಿಸಿದ್ದು.' ಯಾರ ಬುದ್ಧಿ ಇದು?"

"ಬರೆದಿದ್ದು ನಾನು, ಕುದಿಸಿದ್ದು ನಿಮ್ಮಕ್ಕ. ಒಂದು ಕುದಿ ಸಾಕು ಅಂದೆ. ಅವಳ ಶುಚಿ ಗೊತ್ತಲ್ಲ."

"ಕಿಣ್ವ ಅಂದ್ರೆ ಪ್ರೋಟೀನು ಭಾವ. ಮೊಟ್ಟೆ ಬೆಂದ ಹಾಗೆ ಬೇಯುತ್ತೆ. ಮೊದಲನೇ ಕುದಿಗೇ ಕಥೆ ಮುಗೀತು, ಉಳಿದ ಎರಡು ಹೆಣಕ್ಕೆ ಹೊಡೆದಿದ್ದು."

'ಮೂರು ಬಾರಿ' ಎಂಬುದು ದಪ್ಪಕ್ಷರದಲ್ಲೇ ಬರಬೇಕೆಂದು ಭಾವ ಪ್ರೆಸ್ಸಿನವನ ಜೊತೆ ಒಂದು ವಾರ ಜಗಳವಾಡಿದ್ದ. ಈಗ ಎರಡು ನಳಿಕೆಗಳನ್ನೂ ಬಹಳ ಹೊತ್ತು ನೋಡಿದ. ಮುಖ ಅರಳಿತು.

"ಆ ಹಳದಿಯದನ್ನೇ ರಿಪೋರ್ಟಲ್ಲಿ ಬರಿ."

"ಅದು ನಿಮ್ಮ ಎಂಜಲು."

"ಟಾನಿಕ್ ಯಾರದು? ಅದೂ ನಂದೇ ತಾನೆ? ನನ್ನ ಕಿಣ್ವ ಗಂಜಿ ಕರಗಿಸ್ತು ಅಂತ ಬರಿ. ಒಂದಕ್ಷರ ಸುಳ್ಳಿದ್ರೆ ಹೇಳು."

ಹುಡುಕಿದರೂ ಸುಳ್ಳು ನಿಜಕ್ಕೂ ಸಿಗುವಂತಿರಲಿಲ್ಲ. ಅವಳಿಗೆ ನಗು ಬಂತು. ಅದನ್ನೇ ಒಪ್ಪಿಗೆಯೆಂದುಕೊಂಡು ಭಾವ ಪೆನ್ನಿನ ಮುಚ್ಚಳ ತೆಗೆದು ಚಾಚಿದ.

"ಹೊಸ ಲೇಬಲ್ಲಲ್ಲಿ ಮುಖ್ಯ ವಿಜ್ಞಾನಿ ಅಂತ ನಿನ್ನ ಫೋಟೊ ಹಾಕಿಸ್ತೀನಿ. ಹನ್ನೊಂದು ವರ್ಷದಲ್ಲಿ ಇಲ್ಲಿಯವರು ನಿನಗೊಂದು ಕುರ್ಚಿಯನ್ನಾದ್ರೂ ಕೊಟ್ಟಿದ್ದಾರಾ?"

ಕೊಟ್ಟಿರಲಿಲ್ಲ. ಅವಳು ನಿಂತೇ ಪೆನ್ನನ್ನು ನೋಡಿದಳು.

"ಸಹಿ ಹಾಕಲ್ಲ ಭಾವ," ಎಂದಳು.