ಅಕ್ಕಯ್ಯನ ನುಡಿ

ತಪ್ಪು ಬರೆದಿಲ್ಲ, ಹಾಡಿನ ಒಂದು ನುಡಿ ಬಿಟ್ಟಿದ್ದೇನೆ ಅಷ್ಟೇ ಎಂದು ಸರಳಾ ಬೆಳಿಗ್ಗೆಯಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಡೈರಿಯಲ್ಲೂ ಹಾಗೆಯೇ ಬರೆದಿದ್ದಳು. ಆದರೂ ಮಾವಿನ ಮಂಡಿಯ ಶೆಡ್ಡಿನಲ್ಲಿ ತರನ್ನುಮ್ ತಾನು ಬರೆದುಕೊಟ್ಟ ಹಾಳೆಯನ್ನು ಮಡಿಲಲ್ಲಿಟ್ಟುಕೊಂಡು ಕೂತದ್ದನ್ನು ಕಂಡಾಗ ಅವಳ ಕಣ್ಣು ತಪ್ಪಿಸಿ ಕೂತಳು.

ಎದುರುಮನೆಯ ಶಾಮಲಮ್ಮ ಮಾವಿನ ಸೀಸನ್ನಿನಲ್ಲಿ ಶ್ರೀನಿವಾಸಪುರದ ಈ ಮಂಡಿಗೆ ಕಾಯಿ ವಿಂಗಡಿಸಲು ಬರುವವಳು. ಕೈ ಆಡುತ್ತಿದ್ದಂತೆ ಬಾಯಲ್ಲಿ ಸೋಬಾನೆ ಪದ. ಡಿಗ್ರಿ ಮುಗಿಸಿ ಮನೆಯಲ್ಲಿದ್ದ ಸರಳಾ ನಾಲ್ಕು ವರ್ಷದಿಂದ ಪಕ್ಕದಲ್ಲಿ ಕೂತು ಅವನ್ನೆಲ್ಲ ಬರೆದುಕೊಂಡಿದ್ದಳು. ಮುದುಕಿ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆ, ಯಾವ ಸಾಲಿನಲ್ಲಿ ಕನ್ನಡ ತೆಲುಗಿಗೆ ಹೊರಳುತ್ತದೆ, ಎಲ್ಲಕ್ಕೂ ಗುರುತು ಹಾಕಿದ್ದಳು. ಒಂದು ದಿನವೂ ಬಾಯಿಬಿಟ್ಟು ಹಾಡಿರಲಿಲ್ಲ.

ಹಾಡಿದವಳು ತರನ್ನುಮ್, ಮಂಡಿಯ ಸುಭಾನ್ ಸಾಹೇಬರ ಮಗಳು. ಹೋದ ತಿಂಗಳು ಹೆಂಗಸರಿಗೆ ಟೀ ತಂದವಳು ಸುಮ್ಮನೆ ದನಿಗೂಡಿಸಿದ್ದೇ ತಡ, ಎಲ್ಲರ ಕೈ ನಿಂತಿತ್ತು. ಗಂಟಲು ಅಂದರೆ ಇದು ಎಂದು ಶಾಮಲಮ್ಮ ಅವಳ ಗಲ್ಲ ಹಿಡಿದದ್ದನ್ನು ಸರಳಾ ಡೈರಿಯಲ್ಲಿ ಬರೆಯಲಿಲ್ಲ. ಆಮೇಲೆ ಕೋಲಾರದಿಂದ ಶಾಮಲಮ್ಮನ ಪದಗಳ ರೆಕಾರ್ಡಿಂಗಿಗೆ ಕರೆ ಬಂತು. ಮುದುಕಿಗೆ ಈಗ ಉಸಿರು ಸಾಲದು. ಒಂದು ನುಡಿ ಅವಳು ಹೇಳಿದರೆ ಮುಂದಿನದನ್ನು ಜೊತೆಯವಳು ಹೇಳಬೇಕು. ಜೊತೆಗೆ ಯಾರೆಂದು ಕೇಳಿದಾಗ ಅವಳು ಸರಳಾಳ ಕಡೆ ತಿರುಗಿಯೂ ನೋಡದೆ ತರನ್ನುಮ್ ಹೆಸರು ಹೇಳಿದಳು.

ಪದ ಬರೆದುಕೊಡಿ ಅಕ್ಕ ಎಂದು ತರನ್ನುಮ್ ಮನೆಗೇ ಬಂದಿದ್ದಳು. ಸರಳಾ ದುಂಡಗೆ ಬರೆದುಕೊಟ್ಟಳು. ಒಂದು ನುಡಿ ಮಾತ್ರ ತನ್ನ ಹತ್ತಿರವೇ ಇರಲಿ ಅನ್ನಿಸಿತು.

ನಾಳೆಯೇ ಕೋಲಾರ. ಶೆಡ್ಡಿನಲ್ಲಿ ತರನ್ನುಮ್ ಕಣ್ಣು ಮುಚ್ಚಿ ಹಾಡುತ್ತಾ ಪದದ ಮದುಮಗಳನ್ನು ಹೊಸಲಿನವರೆಗೆ ತಂದಳು. ಶಾಮಲಮ್ಮ ಕೈ ಎತ್ತಿದಳು.

"ನಿಲ್ಸು. ಅಕ್ಕಯ್ಯನ ನುಡಿ ಎಲ್ಲೇ?"

ತಾನೇ ಮೆಲ್ಲಗೆ ಹೇಳಿದಳು:

ತಂಗೀಗೆ ಬಳೆ ತೊಡಿಸಿ ತನ್ನ ಬರಿಗೈಯ
ಸೆರಗೊಳಗೆ ಇಟ್ಟಾಳೆ ಅಕ್ಕಯ್ಯ

ಮದುವೆಯಾಗದ ಅಕ್ಕನಿಗೆ ಈ ನುಡಿ ಹೇಳದೆ ತಂಗಿಯನ್ನು ಹೊಸಲು ದಾಟಿಸುವ ಪದ್ಧತಿ ಅವರಲ್ಲಿರಲಿಲ್ಲ.

"ಟೀ ಜೊತೆ ನುಂಗ್ಬಿಟ್ಟವ್ಳೆ ಬಿಡಕ್ಕ," ಎಂದಳು ಬುಟ್ಟಿಯ ಆಚೆಯಿಂದ ವೆಂಕಟರತ್ನಮ್ಮ. ಹೆಂಗಸರು ನಕ್ಕರು.

ತರನ್ನುಮ್ ಹಾಳೆಯನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಇನ್ನೊಮ್ಮೆ ನೋಡಿದಳು. ಸರಳಾಳ ಕಡೆ ಕಣ್ಣೆತ್ತದೆ ಅದನ್ನು ನಾಲ್ಕಾಗಿ ಮಡಿಸಿದಳು.

"ನಾನೇ ಬಿಟ್ಟೆ ಅಜ್ಜಿ. ಬಾಯಿಪಾಠ ಮಾಡೋವಾಗ."

ಶಾಮಲಮ್ಮನಿಗೆ ಸಿಟ್ಟು ಇಳಿಯಲಿಲ್ಲ. ಇವತ್ತು ಅಕ್ಕನ್ನ ಬಿಟ್ಟವಳು ನಾಳೆ ಅಲ್ಲಿ ಇನ್ನೇನು ಬಿಡುತ್ತಾಳೋ ಎಂದು ಗೊಣಗಿದಳು. ಕೈಯಲ್ಲಿದ್ದ ಬಾದಾಮಿ ಮಾವಿನ ಹಣ್ಣನ್ನು ಹುಲ್ಲಿನ ಮೇಲಿಟ್ಟು ಸರಳಾಳತ್ತ ತಿರುಗಿದಳು.

"ಲೇ ಅಮ್ಮಾಯಿ, ನಿಂಗೆ ಒಂದಕ್ಷರ ತಪ್ಪಲ್ಲ. ಗಂಟಲು ಹೆಂಗಾನ ಇರ್ಲಿ, ನಾಳೆ ನೀನೇ ಬಾ ನನ್ ಜೊತೆ."

ನಾಲ್ಕು ವರ್ಷ ಸರಳಾ ಕಾದಿದ್ದು ಈ ಮಾತಿಗೇ. ಆಗಲಿ ಅಜ್ಜಿ ಅಂದರೆ ಮುಗಿಯುತ್ತಿತ್ತು. ತರನ್ನುಮ್ ತಲೆ ಬಗ್ಗಿಸಿ, ಯಾರೂ ಹೇಳದಿದ್ದರೂ, ಹಣ್ಣುಗಳನ್ನು ಜೋಡಿಸತೊಡಗಿದ್ದಳು. ಒಂದು ಸರಿಯಾಗಿ ಕೂರಲಿಲ್ಲ. ಮತ್ತೆ ತೆಗೆದು ಇಟ್ಟಳು.

"ಅವಳು ಬಿಡ್ಲಿಲ್ಲ ಅಜ್ಜಿ," ಎಂದಳು ಸರಳಾ. "ನಾನೇ ಬರ್ಕೊಡ್ಲಿಲ್ಲ. ನೀನು ಅವಳನ್ನ ಕರೆದಿದ್ದು ನಂಗೆ ತಡ್ಕೊಳ್ಳೋಕಾಗ್ಲಿಲ್ಲ."

ಶೆಡ್ಡಿನ ಆ ತುದಿಯಲ್ಲಿ ತೋತಾಪುರಿ ತುಂಬುತ್ತಿದ್ದವರೂ ತಿರುಗಿ ನೋಡಿದರು.