ಬಂಗಾರದ ಮೂಗುತಿ ಬೆಳ್ಳಗಾದದ್ದು ಯಾಕೆ?

ಬಿಸಿಲಿನಲ್ಲಿ ಓಡಾಡುವ ಹೆಂಗಸರ ಮುಖ ನಮ್ಮ ಕಡೆ ಬೇಗ ಸುಕ್ಕುಗಟ್ಟುತ್ತದೆ. ನನ್ನ ಚಿಗವ್ವ ಕಾಶೆವ್ವನಿಗೆ ಇನ್ನೂ ನಲವತ್ತು ತುಂಬಿರಲಿಲ್ಲ. ಆಗಲೇ ಕಣ್ಣಿನ ಸುತ್ತ, ಬಾಯಿಯ ಎರಡೂ ಬದಿ ಗೆರೆ ಮೂಡಿದ್ದವು.

ಅವಳು ಗಿರಣಿಯಲ್ಲಿ ನೂಲು ಸುತ್ತುತ್ತಿದ್ದಳು. ಮುಪ್ಪಾದವರನ್ನು ಕೆಲಸದಿಂದ ಬಿಡಿಸುತ್ತಾರಂತೆ ಎಂದು ಯಾರೋ ಸುದ್ದಿ ಹಬ್ಬಿಸಿದ್ದರು. ಅವಳ ಗಂಡ ಲಕ್ಕಪ್ಪ ಕಾಕಾನಿಗೆ ಸೊಂಟ ಹಿಡಿದು ವರ್ಷವಾಗಿತ್ತು. ಗೋಕಾಕದ ನಮ್ಮ ಮನೆಯ ಒಲೆ ಉರಿಯುತ್ತಿದ್ದದ್ದು ಚಿಗವ್ವನ ಪಗಾರದಿಂದ.

ಅವಳು ತವರಿಗೆ ಹೋದಾಗ ನಾನೂ ಜೊತೆಗಿದ್ದೆ. ಅಲ್ಲಿ ಹುಕ್ಕೇರಿ ಸಂತೆಯಲ್ಲಿ ಒಬ್ಬ ಮುಲಾಮು ಮಾರುತ್ತಿದ್ದ.

"ಸೂಜಿ ಇಲ್ಲ, ಕತ್ರಿ ಇಲ್ಲ. ಬರೇ ಹಚ್ಕೊಳ್ರಿ. ಒಂದ್ ತಿಂಗಳದಾಗ ಹತ್ತು ವರ್ಷ ಹಿಂದಕ್ಕ ಹೋಗ್ತೀರಿ."

ಚಿಗವ್ವ ಒಂದು ಡಬ್ಬಿ ಕೊಂಡಳು. ನಾನು ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಆದರೂ ಡಬ್ಬಿಯನ್ನು ತಿರುಗಿಸಿ ನೋಡಿದೆ. ಅದರ ಮೇಲೆ ಒಂದಕ್ಷರವೂ ಇರಲಿಲ್ಲ.

ಅವಳು ದಿನಾಲೂ ಬಾಗಿಲ ಮರೆಯಲ್ಲಿ ನಿಂತು ಅದನ್ನು ಹಚ್ಚಿಕೊಳ್ಳುತ್ತಿದ್ದಳು. ಮುಖ ಸ್ವಲ್ಪ ಬೆಳ್ಳಗಾಯಿತು. ಗೆರೆ ಹಾಗೇ ಇದ್ದವು. ಇಪ್ಪತ್ತು ದಿನಕ್ಕೆ ಅವಳ ಬಂಗಾರದ ಮೂಗುತಿ ಬೆಳ್ಳಿಯಂತೆ ಬೆಳ್ಳಗಾಯಿತು.

"ಮೂಗುತಿ ಮಾಡಿದ ಪತ್ತಾರ ಮೋಸ ಮಾಡ್ಯಾನ," ಎಂದ ಕಾಕಾ.

"ಯಾರದೋ ದೃಷ್ಟಿ ತಾಕೇತಿ," ಎಂದಳು ಚಿಗವ್ವ.

ಅದೇ ದಿನಗಳಲ್ಲಿ ಅವಳ ಒಸಡು ಬಾತಿತ್ತು. ಬಾಯಲ್ಲಿ ಜೊಲ್ಲು ನಿಲ್ಲುತ್ತಿರಲಿಲ್ಲ. ಕೈ ನಡುಗಿ ಗಿರಣಿಯಲ್ಲಿ ಹರಿದ ನೂಲಿಗೆ ಗಂಟು ಹಾಕಲು ಆಗದೆ ಎರಡು ಸಲ ಬೈಸಿಕೊಂಡಳು. ಹಲ್ಲುಬೇನೆ ಎಂದರು, ಅಶಕ್ತಿ ಎಂದರು. ಒಂದೊಂದಕ್ಕೆ ಒಂದೊಂದು ಕಾರಣ. ನನಗಂತೂ ಏನೂ ತಿಳಿಯಲಿಲ್ಲ.

ಕೊನೆಗೆ ಕಾಕಾ ನಮ್ಮಿಬ್ಬರನ್ನೂ ಕರೆದುಕೊಂಡು ಪತ್ತಾರ ಅಪ್ಪಣ್ಣನ ಅಂಗಡಿಗೆ ಜಗಳಕ್ಕೇ ಹೋದ.

"ಏನೋ ಅಪ್ಪಣ್ಣ, ನಿನ್ನ ಬಂಗಾರಕ್ಕೂ ಮುಪ್ಪು ಬರ್ತೈತೇನು? ನನ್ನ ತೆಲಿಗಿಂತ ಮೊದಲ ಅದ ಬೆಳ್ಳಗಾಗೇತಿ."

"ಕುಂದರ್ರಿ ಕಾಕಾ. ಬೈಯಾಕ ಇಡೀ ದಿನ ಐತಿ."

ಅಪ್ಪಣ್ಣ ಮೂಗುತಿಯನ್ನು ನೋಡಿದ. ಆಮೇಲೆ ಚಿಗವ್ವನ ಮುಖ ನೋಡಿದ.

"ಯವ್ವಾ, ಮುಖಕ್ಕ ಏನರ ಹಚ್ಚಾಕತ್ತೀರೇನು?"

"ಏನಿಲ್ಲಪಾ. ಬರೇ ಅರಿಷಿಣ."

ಡಬ್ಬಿ ನನ್ನ ಉಡಿಯಲ್ಲಿತ್ತು. ಯಾಕೆ ತಂದಿದ್ದೆನೋ ನನಗೇ ಗೊತ್ತಿಲ್ಲ. ತೆಗೆದು ಮುಂದಿಟ್ಟೆ. ಚಿಗವ್ವ ನನ್ನ ತೋಳು ಚಿವುಟಿದಳು.

ಅಪ್ಪಣ್ಣ ಒಂದು ತಾಮ್ರದ ತುಂಡಿಗೆ ಹುಣಸೆಹಣ್ಣು ಹಚ್ಚಿ ತೊಳೆದ. ಒಂದು ಚಿಂದಿಯಿಂದ ಮುಲಾಮನ್ನು ಅದಕ್ಕೆ ತಿಕ್ಕಿದ. ನೋಡುತ್ತಿದ್ದಂತೆ ತಾಮ್ರ ಬೆಳ್ಳಗಾಯಿತು.

"ಇದರಾಗ ಪಾದರಸ ಐತ್ರಿ. ಮುಲಾಮಿನ ಬೆರಳು ಮೂಗುತಿಗೆ ತಾಕೇತಿ. ಬಂಗಾರದ ಲೇಪ ಕೊಡೊ ಗಿಲೀಟು ಕೆಲಸಕ್ಕ ನಾವೂ ಇದನ್ನ ಬಳಸ್ತೇವಿ. ನಮ್ಮಪ್ಪನ ಕೈ ನಡುಗೂದು ಇದರಿಂದನ. ಒಸಡು, ಜೊಲ್ಲು, ನಡುಕ, ಮೂರಕ್ಕೂ ಇದ ಕಾರಣ."

"ಮ್ಯಾಲ ಹಚ್ಚಿದ್ದು ಒಳಗ ಹೆಂಗ ಹೋಗ್ತೈತೋ?" ಕಾಕಾ ನಂಬಲಿಲ್ಲ.

"ಎಣ್ಣಿ ಹಚ್ಚಿದರ ತೊಗಲು ಕುಡಿಯೂದಿಲ್ಲೇನ್ರಿ? ಹಂಗ."

ಚಿಗವ್ವ ತಲೆ ಬಗ್ಗಿಸಿದಳು. "ಮುಖ ಮುಪ್ಪಾದರ ಕೆಲಸದಿಂದ ತಗೀತಾರಂತಲ್ಲೋ."

"ಹರದ ನೂಲಿಗೆ ಮುಖದಲೆ ಗಂಟ ಹಾಕ್ತೀರೇನ್ರಿ? ಕೈ ಉಳಿಸ್ಕೊಳ್ರಿ ಮೊದಲ."

ಕಾಕಾ ಡಬ್ಬಿ ಎತ್ತಿಕೊಂಡ. "ಒಲಿಗೆ ಒಗೀತೀನಿ ಇದನ್ನ."

"ಬ್ಯಾಡ್ರಿ, ಅದರ ಹೊಗಿ ಇನ್ನೂ ಕೆಟ್ಟದ್ದು. ಮುಚ್ಚಳ ಬಿಗಿ ಮಾಡಿ ಸರಕಾರಿ ದವಾಖಾನಿಗೆ ಒಯ್ರಿ."

ನಾವು ಅಲ್ಲಿಗೇ ಹೋದೆವು. ಡಾಕ್ಟರರೂ ಅದನ್ನೇ ಹೇಳಿದರು. ಡಬ್ಬಿಯನ್ನು ಅವರೇ ಇಟ್ಟುಕೊಂಡರು. ಗೆರೆ ಅಳಿಸುವ ಮುಲಾಮು ತಮಗೆ ಗೊತ್ತಿರುವಂತೆ ಯಾವುದೂ ಇಲ್ಲ ಎಂದರು. ಬಿಸಿಲಿಗೆ ಹೋಗುವಾಗ ತಲೆಯ ಮೇಲೆ ಸೆರಗು ಹೊದೆಯಲು ಹೇಳಿದರು.

ಚಿಗವ್ವನ ಒಸಡು ವಾಸಿಯಾಯಿತು. ನಡುಕ ಕಡಿಮೆಯಾಗಲು ಎರಡು ತಿಂಗಳು ಬೇಕಾಯಿತು, ಅಲ್ಲಿಯವರೆಗೆ ಅವಳು ಕೆಲಸಕ್ಕೆ ಹೋಗಲಿಲ್ಲ. ಮತ್ತೆ ಗಿರಣಿಗೆ ಹೋದ ದಿನ ಕೆಲಸ ನೋಡಿಕೊಳ್ಳುವ ಮುಕಾದಮ ಹರಿದ ನೂಲು ಕೊಟ್ಟು ಗಂಟು ಹಾಕು ಎಂದನಂತೆ. ಮೂರನೆಯ ಸಲಕ್ಕೆ ಗಂಟು ಬಿತ್ತು. ಅವನು ಅವಳ ಮುಖ ನೋಡಲೇ ಇಲ್ಲ.

ಅಕ್ಕಂದಿರೇ, ಹೆಸರಿಲ್ಲದ ಡಬ್ಬಿಯನ್ನು ಯಾರಾದರೂ ಕೊಟ್ಟರೆ ಒಳಗೇನಿದೆ ಎಂದು ಕೇಳಿ. ಹೇಳದಿದ್ದರೆ ಕೊಳ್ಳಬೇಡಿ. ಬಂಗಾರ ಬೆಳ್ಳಗಾಗಲಿಲ್ಲ, ಇದು ಒಳ್ಳೆಯದೇ ಎಂದೂ ತಿಳಿಯಬೇಡಿ. ಬೇರೆ ವಿಷವೂ ಇದ್ದೀತು. ಒಸಡು ಬಾತರೆ, ಕೈ ನಡುಗಿದರೆ ಅಂದೇ ಹಚ್ಚುವುದು ಬಿಟ್ಟು, ಡಬ್ಬಿಯ ಸಮೇತ ದವಾಖಾನೆಗೆ ಹೋಗಿ. ಹಚ್ಚಿಕೊಂಡವರು ನಾಚಿಕೆಯಿಂದ ಹೇಳದಿದ್ದರೆ, ನೋಡಿದವರು ಹೇಳಿ. ನಾನು ಇಪ್ಪತ್ತು ದಿನ ಸುಮ್ಮನಿದ್ದೆ. ನೀವು ಇರಬೇಡಿ.