ನಲವತ್ತೊಂದನೆಯ ಪ್ರಯೋಗ

ಅಂಬಾದಾಸರು ಯಾರನ್ನೂ ಕುಶಲ ಕೇಳಿದವರಲ್ಲ. ಬಸವಕಲ್ಯಾಣ ಸೀಮೆಯ ರಾಜೇಶ್ವರದಿಂದ ಬೆಳಗಿನ ಬಸ್ಸಿಗೆ ಬಂದು, ಹುಮನಾಬಾದಿನ ಔಷಧ ಕಾರ್ಖಾನೆಯ ಸಂಶೋಧನಾ ಕೊಠಡಿಗೆ ಎಡಗಾಲನ್ನು ಕೊಂಚ ಎಳೆಯುತ್ತ ಪ್ರವೇಶಿಸಿದರೆಂದರೆ, ಮೊದಲ ಮಾತು "ನಿನ್ನಿ ಏನೇನ್ ಕೆಡ್ತು, ಹೇಳ್ರಿ" ಎಂಬುದೇ. ಏನೂ ಕೆಟ್ಟಿಲ್ಲವೆಂದರೆ ಅವರ ಮುಖ ಸಪ್ಪಗಾಗುತ್ತಿತ್ತು. ಆಮ್ಲದ ಹನಿ ಬಿದ್ದು ತೂತಾದ ಬಿಳಿಯ ಕೋಟಿನ ಜೇಬಿನಲ್ಲಿ ಎರಡು ಪೆನ್ನು: ಕೈಗೂಡಿದ್ದಕ್ಕೆ ನೀಲಿ, ಕೆಟ್ಟಿದ್ದಕ್ಕೆ ಕೆಂಪು. ಕೆಂಪು ಶಾಯಿಯೇ ಬೇಗ ಮುಗಿಯುತ್ತಿತ್ತು. ತೊಂಬತ್ತರ ದಶಕದ ಎಂಟು ವರ್ಷಗಳಲ್ಲಿ ಹೀಗೆ ಹನ್ನೆರಡು ವಹಿಗಳು ತುಂಬಿದವು. ಅಕ್ಷರವೋ ಪೋಣಿಸಿಟ್ಟ ಮುತ್ತು. ಅದೇ ಅವರಿಗೆ ಮುಳುವಾಯಿತು.

ನಾನಾಗ ಅಲ್ಲಿನ ಉಗ್ರಾಣದಲ್ಲಿದ್ದೆ. ಎರಡು ಸಾವಿರದ ಒಂದರಲ್ಲಿ ಪರದೇಶದ ಗಿರಾಕಿಗಳಿಗಾಗಿ ಪ್ರಮಾಣಪತ್ರವೊಂದು ಬೇಕಾಗಿ, ಕಾರ್ಖಾನೆಯ ಕಾರ್ಯಪದ್ಧತಿ ಎಷ್ಟು ಪಕ್ವವಾಗಿದೆಯೆಂದು ಐದು ಮೆಟ್ಟಿಲುಗಳಲ್ಲಿ ಅಳೆಯುವ ಪರೀಕ್ಷಕರು ಬರುವವರಿದ್ದರು. ವಹಿಗಳನ್ನು ತಿರುವಿದ ಮ್ಯಾನೇಜರ್ ಸಂಜೀವಕುಮಾರರಿಗೆ ಕಂಡದ್ದು ಒಂದೇ ಬಣ್ಣ. ಎಲ್ಲಿ ನೋಡಿದರೂ ಕೆಂಪು. ಗೆದ್ದ ಪ್ರಯೋಗಗಳನ್ನಷ್ಟೇ ಹೊಸ ವಹಿಗಿಳಿಸಿ, ಹಳೆಯವನ್ನು ಇಲ್ಲವಾಗಿಸಬೇಕೆಂದು ಅಪ್ಪಣೆಯಾಯಿತು.

"ಕೆಟ್ಟಿದ್ದು ಅಳಿಸಿದ್ರ ಮುಂದಿನವ್ರು ಮತ್ತ ಅಲ್ಲೇ ಬೀಳ್ತಾರ್ರಿ ಸರ," ಎಂದರು ಅಂಬಾದಾಸರು.

"ಮನಿಗಿ ಬೀಗರು ಬಂದ್ರ ಕಸಬರಗಿ ಮುಂದ ಇಡ್ತೀರೇನ್ರಿ?" ಎಂದರು ಮ್ಯಾನೇಜರು.

ಅಂಬಾದಾಸರು ಹದಿನೆಂಟು ದಿನ ತಲೆ ತಗ್ಗಿಸಿ ಕುಳಿತು ಹನ್ನೆರಡನ್ನು ಮೂರಕ್ಕಿಳಿಸಿದರು, ಎಲ್ಲವೂ ನೀಲಿ. ಆ ಮೂರು ಹೊಸ ವಹಿ ತೆಗೆದುಕೊಟ್ಟವನು ನಾನೇ. ಹಳೆಯವನ್ನು ಅಂಬಾದಾಸರ ಕೈಯಿಂದಲೇ ಇಸಿದುಕೊಂಡು, ಚೀಲದಲ್ಲಿ ಹೊತ್ತು ಬಾಯ್ಲರಿನ ಉರಿಗೆ ಹಾಕಿದವನು ಹಳ್ಳಿಖೇಡದ ಪಂಡರಿ, ಯಂತ್ರದ ಕೆಲಸದಲ್ಲಿ ಪಳಗಿದ ಹೆಬ್ಬೆಟ್ಟಿನ ಮನುಷ್ಯ.

ಮೂರನೆಯ ಮೆಟ್ಟಿಲು ದಕ್ಕಿತು, ಪೇಢೆ ಹಂಚಿದರು. ಇಂಥ ಅಕ್ಷರ ಪ್ರಯೋಗಶಾಲೆಯಲ್ಲಿ ವ್ಯರ್ಥವಾಗಬಾರದೆಂದು ಅಂಬಾದಾಸರನ್ನು ದಾಖಲೆಕೋಣೆಗೆ ಹಾಕಿದರು. ಕೋಟು ಮೊಳೆಗೆ ಬಿತ್ತು.

ಮೂರು ವರ್ಷಗಳ ಮೇಲೆ, ಹಳೆಯ ಔಷಧವೊಂದನ್ನೇ ಅರ್ಧ ಹೊತ್ತಿನಲ್ಲಿ ತಯಾರಿಸುವ ಯೋಜನೆ ಬಂತು. ಹೊಸದಾಗಿ ಸೇರಿದ ರಸಾಯನಜ್ಞರು ವಹಿಗಳನ್ನು ಶ್ರದ್ಧೆಯಿಂದಲೇ ಓದಿದರು. ಆಮ್ಲವನ್ನು ಅವಸರದಿಂದ ಬಿಡಬಾರದೆಂದು ಎಲ್ಲಿಯೂ ಇರಲಿಲ್ಲ. ನಲವತ್ತೊಂದನೆಯ ಪ್ರಯೋಗದಲ್ಲಿ ಹಾಗೆ ಬಿಟ್ಟು ಗಾಜಿನ ಪಾತ್ರೆ ಉಕ್ಕಿ ಸಿಡಿದದ್ದು ಕೆಂಪಿನಲ್ಲಿತ್ತು, ಕೆಂಪು ಬೂದಿಯಾಗಿತ್ತು. ಈ ಸಲ ಉಕ್ಕಿದ್ದು ಆಳೆತ್ತರದ ಪಾತ್ರೆ. ನಳ ತಿರುವುತ್ತಿದ್ದ ಪಂಡರಿಯ ಎರಡೂ ಕೈ ಮೊಣಕೈವರೆಗೆ ಸುಟ್ಟುಹೋದವು. ನಲವತ್ತು ಹೆಜ್ಜೆಯಾಚೆ ಅಂಬಾದಾಸರು ಫೈಲುಗಳಿಗೆ ಚೀಟಿ ಅಂಟಿಸುತ್ತಿದ್ದರು.

ವಿಚಾರಣೆಯಲ್ಲಿ ಅಂಬಾದಾಸರು ನಲವತ್ತೊಂದನೆಯದರ ಸಂಗತಿಯನ್ನು ಹೇಳಿದರು. ಎಲ್ಲಿದೆ ತೋರಿಸಿ ಎಂದರು ವಿಚಾರಣೆಯವರು. ನೀಲಿ ವಹಿಗಳನ್ನು ಮುಂದಿಟ್ಟು ಈ ಅಕ್ಷರ ನಿಮ್ಮದೇ ತಾನೆ ಎಂದು ಕೇಳಿದಾಗ "ಹೌದ್ರಿ" ಎನ್ನದೆ ಗತಿಯಿರಲಿಲ್ಲ. ಪದ್ಧತಿಯಲ್ಲಿ ದೋಷವಿಲ್ಲವಾದ್ದರಿಂದ ದೋಷ ಪಂಡರಿಯದೆಂದು ತೀರ್ಮಾನವಾಯಿತು.

ಪಂಡರಿಯನ್ನು ನೋಡಲು ಅಂಬಾದಾಸರೊಡನೆ ನಾನೂ ಹಳ್ಳಿಖೇಡಕ್ಕೆ ಹೋಗಿದ್ದೆ. ಪಂಡರಿ ಬೈಯಲಿಲ್ಲ; ಬೈದಿದ್ದರೆ ಅಂಬಾದಾಸರು ಮೊದಲಿನಂತೆ ಉಳಿಯುತ್ತಿದ್ದರೇನೋ.

"ಆ ವಹಿ ಉರಿಗಿ ಹಾಕ್ದಾಂವ ನಾನೇ ಅದೀನ್ರಿ ಸಾಹೇಬ್ರ," ಎಂದ. "ನನಗ ಓದಾಕ ಬರಂಗಿಲ್ಲ. ಅದ್ರಾಗ ಏನದ ಅಂತ ನೀವರೆ ಒಂದ್ ಮಾತು ಹೇಳಬೇಕಿತ್ತಲ್ರಿ."

ಆಮೇಲೆ ಅಂಬಾದಾಸರು ಯಾರನ್ನೂ ಏನು ಕೆಟ್ಟಿತೆಂದು ಕೇಳಲಿಲ್ಲ.

ತಪ್ಪನ್ನು ಮುಚ್ಚದೆ ಬರೆದಿಡುವ ಜನ ವಿರಳ, ನಾವು ಅವರನ್ನು ಸತ್ಯವಂತರೆನ್ನುತ್ತೇವೆ. ಆದರೆ ಅವರ ಸತ್ಯಕ್ಕೆ ಕಾಗದವೊಂದೇ ಆಸರೆ. ಬರೆದಾಯಿತಲ್ಲ ಎಂದು ಬಾಯಿಗೆ ಬೀಗ ಹಾಕಿಕೊಂಡುಬಿಡುತ್ತಾರೆ, ಕಾಗದ ಸುಡುವವನ ಎದುರಿಗೂ. ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಶಪಿಸಿ ಹಗುರಾಗಬಹುದಿತ್ತು. ಪಂಡರಿಗೆ ಆ ಸಮಾಧಾನವೂ ಇಲ್ಲ.